ಸತ್ತವನ ಹೆಸರಲ್ಲಿ ಆಟ

ನನ್ನ ಅಪ್ಪನ ಎಡ ಮೊಣಕಾಲಿನಲ್ಲಿ ಮೃದ್ವಸ್ಥಿ ಇರಲಿಲ್ಲ. ಹರಿದದ್ದನ್ನು ಡಾಕ್ಟರುಗಳು ಎರಡು ಸಲ ಕೊಯ್ದು ತೆಗೆದಿದ್ದರು, ಉಳಿದದ್ದು ತಾನಾಗಿ ಸವೆದುಹೋಗಿತ್ತು. ಎಲುಬಿನ ಮೇಲೆ ಎಲುಬು ಕೂತಿತ್ತು. ಅವನು ಕುರ್ಚಿಯಿಂದ ಎದ್ದರೆ ಸದ್ದು ಕೇಳುತ್ತಿತ್ತು. ಲೀಮಾ ಪಟ್ಟಣದ ನಮ್ಮ ಮಾಲ್ವಾಸ್ ಓಣಿಯ ಗೋಡೆಗಳು ಬಿದಿರು ಮತ್ತು ಮಣ್ಣಿನವು, ಹಾಗಾಗಿ ರೊಮುಲೊ ಕೊತಿತೊ ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದ ಎನ್ನುವುದು ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು.

ಈ ರೊಮುಲೊ ಕೊತಿತೊ ಒಂದು ಕಾಲದಲ್ಲಿ ಪೆರು ದೇಶದ ಫುಟ್ಬಾಲ್ ತಂಡಕ್ಕೆ ಗೋಲು ಹೊಡೆಯುತ್ತಿದ್ದವನು. ಹೆಚ್ಚು ಎತ್ತರವಿಲ್ಲ. ಆದರೆ ಚೆಂಡು ಗಾಳಿಯಲ್ಲಿ ಬಂತೆಂದರೆ ತನಗಿಂತ ಗೇಣು ಎತ್ತರದವರ ಭುಜದ ಮೇಲಿಂದ ಎದ್ದು ಹಣೆಯಲ್ಲಿ ಹೊಡೆಯುತ್ತಿದ್ದ. ಹದಿನೇಳನೆಯ ವಯಸ್ಸಿಗೆ ರಿಮಾಕ್ ನದಿಯಾಚೆಯ ಒಂದು ಕ್ಲಬ್ಬು ಅವನನ್ನು ಎತ್ತಿಕೊಂಡಿತು. ಇಪ್ಪತ್ತಮೂರಕ್ಕೆ ಎದೆಯ ಮೇಲೆ ಕೆಂಪು ಓರೆಪಟ್ಟಿಯ, ದೇಶದ ತಂಡದ ಬಿಳಿ ಅಂಗಿ ಹಾಕಿದ. ಅಸುನ್ಸಿಯೊನ್‌ನಲ್ಲಿ, ಕೀಟೊದಲ್ಲಿ, ಲೀಮಾದಲ್ಲಿ ಆ ಅಂಗಿಯಲ್ಲಿ ಗೋಲು ಹೊಡೆದ. ಓಣಿಯ ಮುದುಕರು ಈಗಲೂ ಬಿಯರು ಕುಡಿದಾಗ ಎದ್ದು ನಿಂತು ಆ ಗೋಲುಗಳನ್ನು ಕತ್ತು ಆಡಿಸಿ ತೋರಿಸುತ್ತಾರೆ. ನಾನು ಒಂದನ್ನೂ ನೋಡಿಲ್ಲ. ನಾನು ಹುಟ್ಟಿದ್ದೇ ಎಂಬತ್ತೊಂದರಲ್ಲಿ. ಎಂಬತ್ತೆರಡರ ನಂತರ ಅವನು ಆ ಅಂಗಿ ಹಾಕಲಿಲ್ಲ.

ಯಾಕೆ ಎಂದು ಹೇಳಬೇಕಾದರೆ ಮೇ ಒಂದರ ವಿಷಯ ಹೇಳಬೇಕು.

ಕಾರ್ಮಿಕರ ದಿನದಂದು ನಮ್ಮ ಬೀದಿಯಲ್ಲಿ ಪಂದ್ಯಾವಳಿ ನಡೆಯುತ್ತದೆ. ಹುಲ್ಲಿಲ್ಲ, ಬರೀ ಡಾಂಬರು. ಬೆಳಿಗ್ಗೆ ಎರಡೂ ತುದಿಗೆ ಟೈರು ಅಡ್ಡ ಹಾಕಿ, ಸುಣ್ಣದಲ್ಲಿ ಗೆರೆ ಎಳೆದು, ಕಬ್ಬಿಣದ ಗೋಲು ಕಂಬಗಳನ್ನು ಹೊತ್ತು ತಂದು ನಿಲ್ಲಿಸುತ್ತಾರೆ. ಸುತ್ತಲಿನ ಓಣಿಗಳ ತಂಡಗಳು ಬರುತ್ತವೆ. ಓಣಿಯಲ್ಲಿ ಹುಟ್ಟಿ ದೊಡ್ಡ ಕ್ಲಬ್ಬಿಗೆ ಹೋದವನು ಆ ದಿನ ಬಂದು ಆಡಲೇಬೇಕು. ಬರದಿದ್ದರೆ ನಲ್ಲಿಯ ಸಾಲಿನಲ್ಲಿ ಅವನ ತಾಯಿಗೆ ಯಾರೂ ಮುಖ ಕೊಡುವುದಿಲ್ಲ. ಇನ್ನೊಂದು ಕಡೆ, ಡಾಂಬರಿನ ಮೇಲೆ ಆಡಿದವನನ್ನು ಕ್ಲಬ್ಬುಗಳು ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಓಣಿ ಒಂದು ದಾರಿ ಮಾಡಿಕೊಂಡಿದೆ. ಅಂಥವನು ಸತ್ತವನ ಹೆಸರಲ್ಲಿ ಆಡುತ್ತಾನೆ. ಓಣಿಯಲ್ಲಿ ತೀರಿಕೊಂಡ ಯಾರದಾದರೂ ಒಂದು ಹೆಸರನ್ನು ಹಿರಿಯ ಆಟಗಾರನೊಬ್ಬ ಅವನಿಗೆ ಕೊಡುತ್ತಾನೆ. ಧ್ವನಿವರ್ಧಕದಲ್ಲಿ ಅದನ್ನೇ ಕೂಗುತ್ತಾರೆ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಬಂದವನು ಯಾರೆಂದು ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ. ಹೆತ್ತ ತಾಯಿಯೂ ಆ ದಿನ ಕಿಟಕಿಯಿಂದ ಸತ್ತವನ ಹೆಸರು ಹಿಡಿದೇ ಬಯ್ಯಬೇಕು. ಒಮ್ಮೆ ಹೆಸರು ಕೊಟ್ಟ ಮೇಲೆ ಆಟ ಮುಗಿಯುವವರೆಗೆ ಅದನ್ನು ಯಾರೂ ಬದಲಿಸುವಂತಿಲ್ಲ. ಮರುದಿನ ಯಾರಾದರೂ ಬಂದು ವಿಚಾರಿಸಿದರೆ, "ನಿನ್ನೆ ಗೋಲು ಹೊಡೆದದ್ದಾ? ನಮ್ಮ ತೊರಿಬಿಯೊ ಕಣ್ರಿ" ಎನ್ನುತ್ತಾರೆ. ತೊರಿಬಿಯೊ ಎಪ್ಪತ್ತನಾಲ್ಕರ ಭೂಕಂಪದಲ್ಲಿ ಹೋದ ಬಡಗಿ.

ಎಂಬತ್ತೆರಡರ ಮೇ ಒಂದರಂದು ಅಪ್ಪ ಆಡಿದ್ದು ಈ ತೊರಿಬಿಯೊ ಹೆಸರಲ್ಲೇ. ಸ್ಪೇನ್‌ನ ವಿಶ್ವಕಪ್ಪಿಗೆ ಆರೇಳು ವಾರ ಬಾಕಿ ಇತ್ತು. ದೇಶದ ತಂಡದ ಶಿಬಿರದಿಂದ ಒಂದು ದಿನದ ರಜೆ ತೆಗೆದುಕೊಂಡು ಬಂದಿದ್ದ. ಎದುರಿಗಿದ್ದದ್ದು ಕೆಳಗಿನ ಓಣಿಯ ತಂಡ. ಅವರ ಗೋಲು ಕಾಯುವವನು ಸೆನೊನ್ ಪಲೊಮಾರೆಸ್, ಚಪ್ಪಲಿ ಹೊಲಿಯುವವನು, ಒರಟ. ದ್ವಿತೀಯಾರ್ಧದಲ್ಲಿ ಅಪ್ಪ ಚೆಂಡಿನ ಹಿಂದೆ ಓಡಿದಾಗ ಸೆನೊನ್ ಗೋಲು ಬಿಟ್ಟು ಮುಂದೆ ಬಂದ. ಇಬ್ಬರೂ ಡಿಕ್ಕಿ ಹೊಡೆದರು. ಅಪ್ಪನ ಮೊಣಕಾಲು ಡಾಂಬರಿಗೆ ಬಡಿಯಿತು.

ಸಂಜೆಗೆ ಕಾಲು ಊದಿತು. ದೊಡ್ಡ ಪೆಟ್ಟೇನಲ್ಲ, ಹತ್ತು ದಿನ ಸುಮ್ಮನಿದ್ದರೆ ಇಳಿಯುತ್ತಿತ್ತು ಎಂದು ಅವನು ಆಮೇಲೆ ಜೀವನವಿಡೀ ಹೇಳಿದ. ಶಿಬಿರಕ್ಕೆ ಹೋಗಿ ಮೆಟ್ಟಿಲಲ್ಲಿ ಜಾರಿದೆ ಎಂದ. ಅವರೂ ನಂಬಿದರು. ಮೂರು ದಿನವಾದ ಮೇಲೆ ಅವನನ್ನು ಕರೆದು, ನೀನು ಡಾಂಬರಿನ ಮೇಲೆ ಆಡಿದ್ದೀಯ, ನಮಗೆ ಗೊತ್ತಾಗಿದೆ, ಕಾಲಿನ ಮಾತು ಬಿಡು, ಸುಳ್ಳು ಹೇಳಿದವನು ನಮಗೆ ಬೇಡ, ಚೀಲ ಕಟ್ಟು ಎಂದರು. ಯಾರೋ ಹೇಳಿದ್ದರು.

ಅಪ್ಪ ಅಲ್ಲಿಗೇ ಬಿಟ್ಟಿದ್ದರೆ ಕಾಲಾದರೂ ಉಳಿಯುತ್ತಿತ್ತು. ಬಿಡಲಿಲ್ಲ. ತನಗೇನೂ ಆಗಿಲ್ಲ ಎಂದು ತೋರಿಸಲು ಊದಿದ ಕಾಲಿಗೆ ನೋವು ತಿಳಿಯದ ಸೂಜಿ ಚುಚ್ಚಿಸಿಕೊಂಡು ತನ್ನ ಕ್ಲಬ್ಬಿಗೆ ಆಡಿದ. ನಾಲ್ಕನೆಯ ಆಟದಲ್ಲಿ ಮೊಣಕಾಲು ಒಳಗೆ ಹರಿಯಿತು. ಆಮೇಲೆ ಹುವಾನುಕೊ, ಹುಲಿಯಾಕಾ ಊರುಗಳ ಸಣ್ಣ ಕ್ಲಬ್ಬುಗಳು, ಒಂದು ವರ್ಷ ಈಕ್ವೆಡಾರಿನ ಎರಡನೇ ದರ್ಜೆಯ ಕ್ಲಬ್ಬು. ಪ್ರತಿ ಊರಿನಲ್ಲೂ ಸೂಜಿ. ಇಪ್ಪತ್ತೊಂಬತ್ತಕ್ಕೆ ಆಟ ಮುಗಿಯಿತು. ಲೀಮಾಕ್ಕೆ ವಾಪಸು ಬಂದು ಟ್ಯಾಕ್ಸಿ ಓಡಿಸಿದ. ಕ್ಲಚ್ಚು ಇರುವುದು ಎಡಗಾಲಿಗೆ. ಅದೂ ಹೆಚ್ಚು ವರ್ಷ ನಡೆಯಲಿಲ್ಲ.

ಹೇಳಿದವನು ಸೆನೊನ್ ಎಂದು ಓಣಿ ತೀರ್ಮಾನಿಸಿತ್ತು. ಅವನ ಹೆಂಡತಿಯ ತಮ್ಮ ಶಿಬಿರದಲ್ಲಿ ಬಸ್ಸು ಓಡಿಸುತ್ತಿದ್ದ. ಅಷ್ಟೇ ಸಾಕಾಯಿತು. ಸೆನೊನ್ ಇಲ್ಲ ಎಂದ. ಯಾರೂ ಕೇಳಲಿಲ್ಲ. ಅವನ ಕಿಟಕಿಗೆ ಕಲ್ಲು ಬಿತ್ತು. ಅವನಲ್ಲಿ ಚಪ್ಪಲಿ ಕೊಡುವುದನ್ನು ಬಿಟ್ಟರು. ಬೇಕರಿಯವಳು ಅವನ ಮಗಳಿಗೆ ಬ್ರೆಡ್ಡು ಮುಗಿದಿದೆ ಎನ್ನತೊಡಗಿದಳು, ಬುಟ್ಟಿ ತುಂಬ ಬ್ರೆಡ್ಡು ಇರುವಾಗ. ವರ್ಷ ಮುಗಿಯುವುದರೊಳಗೆ ಅವನು ಸಂಸಾರ ಕಟ್ಟಿಕೊಂಡು ದಕ್ಷಿಣದ ಮರಳುಗಾಡಿಗೆ, ವಿಯ್ಯಾ ಎಲ್ ಸಾಲ್ವದೋರಿಗೆ ಹೋದ. ಆಗ ಅಲ್ಲಿ ಚಾಪೆಯ ಗುಡಿಸಲು ಬಿಟ್ಟರೆ ಏನೂ ಇರಲಿಲ್ಲ.

ಸೆನೊನ್‌ನ ಕಿಟಕಿಗೆ ಮೊದಲ ಕಲ್ಲು ಎಸೆದವನು ಲಿಸಾರ್ದೊ ಅಯ್ಯೊನ್.

ಲಿಸಾರ್ದೊ ಅಪ್ಪನ ಕೊಂಪಾದ್ರೆ. ಅಂದರೆ, ಇಗರ್ಜಿಯಲ್ಲಿ ನನ್ನ ತಲೆಗೆ ನೀರು ಹಾಕಿಸುವಾಗ ನನ್ನನ್ನು ಎತ್ತಿಕೊಂಡವನು ಅವನು. ನನಗೆ ಪಾದ್ರಿನೊ, ಅಪ್ಪನಿಗೆ ಕೊಂಪಾದ್ರೆ. ಒಡಹುಟ್ಟಿದವನ ಜತೆ ಮಾತು ಬಿಡಬಹುದು, ಕೊಂಪಾದ್ರೆಯ ಜತೆ ಬಿಡುವ ಹಾಗಿಲ್ಲ. ಇಬ್ಬರೂ ಒಂದೇ ನಲ್ಲಿಯ ನೀರು ಕುಡಿದು ಬೆಳೆದವರು. ಅಪ್ಪ ತಲೆಯಲ್ಲಿ ಹೊಡೆಯುತ್ತಿದ್ದ ಚೆಂಡುಗಳನ್ನು ಚಿಕ್ಕಂದಿನಲ್ಲಿ ಬಲಬದಿಯಿಂದ ಎತ್ತಿ ಕೊಡುತ್ತಿದ್ದವನು ಅವನೇ. ಆದರೆ ಅವನನ್ನು ಯಾವ ಕ್ಲಬ್ಬೂ ಕರೆಯಲಿಲ್ಲ.

ಆ ವರ್ಷ ಸ್ಪೇನ್‌ಗೆ ನಮ್ಮ ಓಣಿಯಿಂದ ಹೋದವನು ಲಿಸಾರ್ದೊ. ತಂಡದ ಚೆಂಡು, ಬೂಟು, ಅಂಗಿಗಳ ಮೂಟೆ ಹೊರುವ ಕೆಲಸ. ಅಪ್ಪನೇ ಹಿಂದಿನ ವರ್ಷ ಅವನ ಹೆಸರು ಹೇಳಿಟ್ಟಿದ್ದ, ಅದಕ್ಕೇ ಕರೆದರು ಎಂದು ಎಲ್ಲರೂ ಅಂದುಕೊಂಡರು. ಅಪ್ಪನೂ ಹಾಗೇ ಅಂದುಕೊಂಡ. "ನನ್ನ ಕಾಲು ಹೋಗದಿದ್ರೂ ನನ್ನ ಮಾತು ಹೋಯ್ತಲ್ಲ ಸ್ಪೇನ್‌ಗೆ" ಎಂದು ತಮಾಷೆ ಮಾಡುತ್ತಿದ್ದನಂತೆ. ಲಿಸಾರ್ದೊ ನನಗೆ ಅಲ್ಲಿಂದ ಆ ವಿಶ್ವಕಪ್ಪಿನ ಗುರುತಾದ ಕಿತ್ತಳೆ ಹಣ್ಣಿನ ಗೊಂಬೆ ತಂದ. ಹನ್ನೆರಡು ವರ್ಷ ತುಂಬುವವರೆಗೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದೆ.

ಅವನು ನಮಗೆ ಕೆಟ್ಟದ್ದು ಮಾಡಿದ್ದು ನನಗೆ ನೆನಪಿಲ್ಲ. ನನ್ನ ಶಾಲೆಯ ಬಟ್ಟೆ ಅವನೇ ಕೊಡಿಸಿದ. ಅಮ್ಮ ತೀರಿಕೊಂಡಾಗ ವಾರವಿಡೀ ಕೋಳಿ ಸಾರು ಅವನ ಮನೆಯಿಂದ ಬಂತು. ಸ್ಪೇನ್‌ಗೆ ಹೋಗಿ ಬಂದವನು ಎಂದು ಓಣಿಯಲ್ಲಿ ಅವನ ಮಾತಿಗೆ ತೂಕವಿತ್ತು. ಮೇ ಒಂದರ ಪಂದ್ಯಾವಳಿಯ ಅಧ್ಯಕ್ಷನಾದ, ಆದವನು ಇಳಿಯಲಿಲ್ಲ. ಪ್ರತಿ ವರ್ಷ ಆ ದಿನ ಸಂಜೆ ಅಪ್ಪನ ಜತೆ ಕೂತು ಬಿಯರು ಬಗ್ಗಿಸುತ್ತ ಸೆನೊನ್‌ಗೆ ಶಾಪ ಹಾಕುತ್ತಿದ್ದ. ಅಪ್ಪ ಒಂದು ಬೈದರೆ ಅವನು ಎರಡು ಬೈಯುತ್ತಿದ್ದ.

ಮೂವತ್ತಾರು ವರ್ಷ ಪೆರು ಮತ್ತೆ ವಿಶ್ವಕಪ್ಪಿಗೆ ಹೋಗಲಿಲ್ಲ. ಎರಡು ಸಾವಿರದ ಹದಿನೇಳರ ನವೆಂಬರಿನಲ್ಲಿ ಹೋಗುವುದು ಖಚಿತವಾದ ದಿನ ಮಾರುಕಟ್ಟೆ ಪಕ್ಕದ ನನ್ನ ಊಟದಂಗಡಿಯಲ್ಲಿ ಗಿರಾಕಿಗಳು ಮೇಜು ಹತ್ತಿ ಕುಣಿದರು. ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಟಿವಿ ನೋಡಿದ. ಏಳಲಿಲ್ಲ. ಒಬ್ಬ ಕುಡುಕ ಅವನನ್ನು ತಬ್ಬಿಕೊಂಡು, "ತಾತಾ, ನೀನೂ ಅಳ್ತಿದೀಯಾ?" ಎಂದ. "ಕಾಲು ತುಳೀತಾ ಇದೀಯ, ಇಳಿಯೋ" ಎಂದ ಅಪ್ಪ.

ಏಪ್ರಿಲ್‌ನಲ್ಲಿ ಲಿಸಾರ್ದೊ ಮನೆಗೆ ಬಂದ. ಒಂದು ದೊಡ್ಡ ಬಾಟಲಿ, ಒಂದೇ ಲೋಟ. ನಮ್ಮಲ್ಲಿ ಹಾಗೇ. ಒಬ್ಬ ಕುಡಿದು, ನೊರೆಯನ್ನು ನೆಲಕ್ಕೆ ಚೆಲ್ಲಿ, ಲೋಟ ಮುಂದಿನವನಿಗೆ ಕೊಡುತ್ತಾನೆ.

"ಕೊಂಪಾದ್ರೆ, ಈ ಸಲದ ಮೇ ಒಂದು ನಿಂದು" ಎಂದ ಲಿಸಾರ್ದೊ. "ಕಮಿಟಿ ಹುಡುಗ್ರು ತೀರ್ಮಾನ ಮಾಡಿದಾರೆ. ಬೀದಿ ತುದಿ ಗೋಡೆ ಮೇಲೆ ನಿನ್ನ ಚಿತ್ರ. ಎರಡು ಮಾಳಿಗೆ ಎತ್ತರ."

"ಮೂಗು ನೆಟ್ಟಗೆ ಬರೆಯೋಕೆ ಹೇಳು."

"ಇರೋ ಮೂಗು ಬರೆಯೋಕೇ ಗೋಡೆ ಸಾಲ್ತಿಲ್ಲ ಮಾರಾಯ, ಪಕ್ಕದ ಮನೆಯವನ ಕಿಟಕಿ ಮುಚ್ಚಬೇಕಂತೆ."

ಅಪ್ಪ ನಕ್ಕ. ಕುಡಿದು ನೊರೆ ಚೆಲ್ಲಿ ಲೋಟ ಕೊಟ್ಟ. ಆಮೇಲೆ ಹೇಳಿದ, "ಒಂದು ಷರತ್ತು. ಸೆನೊನ್ ಬರಬೇಕು."

ನಾನು ಪಾತ್ರೆ ತೊಳೆಯುತ್ತಿದ್ದೆ. ಲಿಸಾರ್ದೊ ಲೋಟಕ್ಕೆ ಸುರಿಯುತ್ತಿದ್ದವನು ನಿಲ್ಲಿಸಿದ.

"ಯಾವ ಸೆನೊನ್?"

"ಊರಲ್ಲಿ ಎಷ್ಟು ಜನ ಸೆನೊನ್ ಇದಾರೆ ನನ್ನ ಕಾಲು ಮುರಿದೋರು? ಕಾಲು ಮುರಿದದ್ದಕ್ಕಲ್ಲ, ಅದು ಆಟ. ಹೋಗಿ ಹೇಳಿದ್ದಕ್ಕೆ. ಓಣಿ ಎದುರು ಬಂದು ಹೌದು, ನಾನೇ ಹೇಳಿದೆ ಅನ್ನಲಿ. ಸಾಕು ನನಗೆ. ಚಿತ್ರ ಗಿತ್ರ ಏನೂ ಬೇಡ."

"ಹಳೇ ಗಾಯ ಯಾಕೆ ಕೆರೀತೀಯ? ಅವನು ಸತ್ತೂ ಹೋಗಿರ್ತಾನೆ."

"ಸತ್ತಿದ್ರೆ ಅವನ ಹೆಸರನ್ನ ಯಾವನಿಗಾದ್ರೂ ಕೊಟ್ಟು ಆಡಿಸೋಣ. ಬದುಕಿದ್ರೆ ಕರೆಸು. ನನಗೆ ಅರವತ್ತೊಂದು ಆಯ್ತು ಲಿಸಾರ್ದೊ. ಯಾರು ಅನ್ನೋದನ್ನ ಅವನ ಬಾಯಿಂದ ಕೇಳದೆ ನಾನು ಸಾಯಲ್ಲ."

"ಸರಿ, ವಿಚಾರಿಸ್ತೀನಿ" ಎಂದ ಲಿಸಾರ್ದೊ.

ಮುಂದಿನ ವಾರ ಬಂದು, ಸೆನೊನ್ ತಕ್ನಾ ಕಡೆ ಹೋಗಿದ್ದಾನಂತೆ, ಗಡಿಯ ಹತ್ತಿರ, ಸಿಗುವುದು ಕಷ್ಟ ಎಂದ. ಅದರ ಮುಂದಿನ ವಾರ, ಹಾಸಿಗೆ ಹಿಡಿದಿದ್ದಾನಂತೆ, ಬುದ್ಧಿ ಸ್ಥಿಮಿತದಲ್ಲಿಲ್ಲವಂತೆ ಎಂದ. ನನ್ನ ಅಂಗಡಿಗೆ ಮೀನು ತರುವವಳು ವಿಯ್ಯಾ ಎಲ್ ಸಾಲ್ವದೋರಿನವಳು. ಸುಮ್ಮನೆ ಅವಳನ್ನು ಕೇಳಿದೆ. "ಪಲೊಮಾರೆಸ್ ಮುದುಕನಾ? ಮೊನ್ನೆ ನನ್ನ ಬೂಟಿಗೆ ತಳ ಹಾಕಿಕೊಟ್ಟ, ಗಟ್ಟಿಯಾಗಿದಾನೆ" ಎಂದಳು.

ಲಿಸಾರ್ದೊಗೆ ಯಾರೋ ತಪ್ಪು ಹೇಳಿರಬೇಕು ಅಂದುಕೊಂಡೆ. ನನ್ನ ತಲೆಗೆ ಬೇರೇನೂ ಹೊಳೆಯಲಿಲ್ಲ. ಭಾನುವಾರ ನಾನೇ ಹೋದೆ.

ಸೆನೊನ್ ಪಲೊಮಾರೆಸ್ ಮನೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದ. ಕೈಗಳು ದೊಡ್ಡವು. ಗೋಲು ಕಾಯುವವನ ಕೈ ಎಂದು ಗೊತ್ತಾಗುತ್ತಿತ್ತು. ನಾನು ಯಾರೆಂದು ಹೇಳಿದೆ. ಅವನು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ.

"ರೊಮುಲೊ ಮಗಳಾ? ಮೂಗು ನೋಡಿದ್ರೆ ಗೊತ್ತಾಗುತ್ತೆ. ಏನು, ಕಲ್ಲು ತಂದಿದೀಯಾ?"

"ಇಲ್ಲ. ಮೇ ಒಂದಕ್ಕೆ ಕರೆಯೋಕೆ ಬಂದೆ. ಅಪ್ಪ ಕೇಳ್ತಿದಾನೆ, ಎಲ್ಲರ ಎದುರು ಒಪ್ಕೊಂಡ್ರೆ ಸಾಕಂತೆ."

"ಏನನ್ನ?"

"ನೀವು ಹೇಳಿದ್ದನ್ನ."

"ನಾನು ಹೇಳಲಿಲ್ಲ ಅಂತ ಆಗಲೇ ಹೇಳಿದ್ದೆ. ಅದನ್ನೇ ಇನ್ನೊಂದು ಸಲ ಹೇಳೋಕೆ ಎರಡು ಬಸ್ಸು ಹತ್ತಬೇಕಾ?" ಅವನು ಬೂಟೊಂದನ್ನು ತಿರುಗಿಸಿ ನೋಡಿದ. "ನನ್ನ ಮಗಳು ಇವತ್ತಿಗೂ ಬೇಕರಿ ಒಳಗೆ ಹೋಗಲ್ಲ. ಹೊರಗೆ ನಿಂತು ಗಂಡನ್ನ ಕಳಿಸ್ತಾಳೆ. ನಲವತ್ತು ದಾಟಿದ ಹೆಂಗಸು. ನಿಮ್ಮಪ್ಪನಿಗೆ ಹೇಳು ಅದನ್ನ."

ನಾನು ಎದ್ದೆ. ಬೀದಿ ತಿರುವಿನ ತನಕ ಹೋದಾಗ ಹಿಂದಿನಿಂದ ಕೂಗಿದ.

"ಏ ಹುಡುಗಿ! ಬರ್ತೀನಿ. ಆದ್ರೆ ಮೈಕು ನನ್ನ ಕೈಗೆ ಕೊಡಬೇಕು. ಮಧ್ಯ ಯಾರೂ ಕಿತ್ಕೋಬಾರ್ದು."

ಮೇ ಒಂದರ ಬೆಳಿಗ್ಗೆ ಬೀದಿಯಲ್ಲಿ ಸುಣ್ಣದ ವಾಸನೆ, ಕಡ್ಡಿಗೆ ಚುಚ್ಚಿದ ಮಾಂಸದ ತುಂಡು, ಅಂತಿಕುಚೊ, ಸುಡುವ ಹೊಗೆ. ಅಪ್ಪನ ಚಿತ್ರ ಗೋಡೆಯ ಮೇಲೆ ಮುಗಿದಿತ್ತು. ಗಾಳಿಯಲ್ಲಿ ಹಾರಿದ್ದ. ಎರಡೂ ಮೊಣಕಾಲು ಸರಿಯಾಗಿದ್ದವು. ಚಿತ್ರದ ಕೆಳಗೆ ಅವನನ್ನು ಕುರ್ಚಿ ಹಾಕಿ ಕೂರಿಸಿದ್ದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ. ಅದರಲ್ಲಿ ಕೋಟು ಹಾಕಿಕೊಂಡ ಒಬ್ಬ ಹಣ್ಣು ಮುದುಕ. ದೊನ್ ಹಸಿಂತೊ. ಎಂಬತ್ತೆರಡರಲ್ಲಿ ದೇಶದ ತಂಡದ ಸಹಾಯಕ ತರಬೇತುದಾರನಾಗಿದ್ದವನು. ಅಧ್ಯಕ್ಷನಿಗೂ ಅಪ್ಪನಿಗೂ ಖುಷಿಯಾಗಲಿ ಎಂದು ಕಮಿಟಿ ಹುಡುಗರು ಯಾರಿಗೂ ಹೇಳದೆ ಅವನನ್ನು ಮನೆಯಿಂದ ಕಾರಿನಲ್ಲಿ ಕರೆತಂದಿದ್ದರು. ಕಿವಿ ಹೆಚ್ಚುಕಡಿಮೆ ಹೋಗಿತ್ತು. ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

ಲಿಸಾರ್ದೊ ಮೈಕು ಹಿಡಿದು ಬಂದವನು ಮುದುಕನನ್ನು ನೋಡಿ ಅಲ್ಲೇ ನಿಂತ.

"ಯಾರು ಕರೆಸಿದ್ದು ಇವರನ್ನ?"

"ನಾವೇ ದೊನ್ ಲಿಸಾರ್ದೊ!" ಎಂದ ಕಮಿಟಿ ಹುಡುಗನೊಬ್ಬ. "ನಿಮ್ಮ ಸ್ಪೇನ್ ದೋಸ್ತು!"

"ವಯಸ್ಸಾದವರು, ಬಿಸಿಲು. ಒಳಗೆ ಕರ್ಕೊಂಡು ಹೋಗಿ ಮಲಗಿಸ್ರೋ."

ಬಿಸಿಲೆಲ್ಲಿತ್ತು! ಲೀಮಾದ ಮೇ ತಿಂಗಳು, ಆಕಾಶ ಬೂದಿ ಬಣ್ಣ. ಮುದುಕ ಎದ್ದು ಹೋಗಲು ಒಪ್ಪಲಿಲ್ಲ. ಅವನಿಗೆ ಅಂತಿಕುಚೊ ಬೇಕಿತ್ತು. ನಾನು ತಂದುಕೊಟ್ಟು ಅವನ ಪಕ್ಕದಲ್ಲೇ ನಿಂತೆ.

ಆಮೇಲೆ ಸೆನೊನ್ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಒಬ್ಬನೇ ಬಂದಿದ್ದ. ಗೋಡೆಗೆ ಒರಗಿ ಕುಡಿಯುತ್ತಿದ್ದ ಗಂಡಸರ ಸಾಲಿನ ಕೊನೆಗೆ ನಿಂತ. ಲೋಟ ಅವನ ಹತ್ತಿರ ಬಂದು, ಅವನನ್ನು ಬಿಟ್ಟು, ಆಚೆಯವನ ಕೈಗೆ ಹೋಯಿತು. ಅವನು ಅದನ್ನು ನೋಡಿದ. ನೋಡದವನಂತೆ ಅಪ್ಪನ ಎದುರು ಬಂದು ನಿಂತ.

"ದಪ್ಪ ಆಗಿದೀಯಲ್ಲೋ ರೊಮುಲೊ."

"ನಿನಗೆ ಹಲ್ಲಿಲ್ಲ" ಎಂದ ಅಪ್ಪ. "ಮೈಕು ಕೊಡು ಲಿಸಾರ್ದೊ ಅವನಿಗೆ."

"ಮೊದಲ ಆಟ ಮುಗೀಲಿ ಕೊಂಪಾದ್ರೆ, ಆಮೇಲೆ..."

"ಈಗ."

ಸೆನೊನ್ ಮೈಕು ತೆಗೆದುಕೊಂಡ. ಅದು ಕುಂಯ್ ಎಂದಿತು. ಅವನು ಅದನ್ನು ಬಾಯಿಂದ ದೂರ ಹಿಡಿದು ಮಾತಾಡಿದ. ತಯಾರಿ ಮಾಡಿಕೊಂಡು ಬಂದಿದ್ದ ಎಂದು ಗೊತ್ತಾಗುತ್ತಿತ್ತು.

"ನಾನು ಸೆನೊನ್ ಪಲೊಮಾರೆಸ್. ಕೆಳಗಿನ ಓಣಿಯವನು. ರೊಮುಲೊ ಕಾಲಿಗೆ ಬಿದ್ದವನು ನಾನು. ಚೆಂಡಿಗೆ ಹೋದೆ, ಕಾಲು ಸಿಕ್ತು. ಅದು ಹೌದು. ಹೋಗಿ ಹೇಳಿದವನು ನಾನಲ್ಲ."

ಶಿಳ್ಳೆ ಎದ್ದಿತು. "ಸುಳ್ಳ!" ಎಂದು ಮೇಲಿನ ಕಿಟಕಿಯಿಂದ ಹೆಂಗಸೊಬ್ಬಳು ಕೂಗಿದಳು. ಇನ್ನೊಬ್ಬ, "ಮರಳುಗಾಡಿಗೇ ವಾಪಸ್ ಹೋಗಯ್ಯಾ" ಎಂದ. ಅಪ್ಪನ ಮುಖ ಕಪ್ಪಾಯಿತು. ಒಪ್ಪಿಕೊಳ್ಳುತ್ತಾನೆ ಎಂದು ಅವನು ಇಷ್ಟು ವರ್ಷ ಕಾದಿದ್ದ. ಲಿಸಾರ್ದೊ ಮೈಕಿಗೆ ಕೈ ಚಾಚಿದ. "ಸಾಕು, ಸಾಕು. ಮುದುಕ ಇನ್ನೂ ಬಾಯಿ ಬಿಡ್ತಿಲ್ಲ. ಬಿಟ್ಟುಬಿಡಿ, ಆಟ ಶುರು ಮಾಡೋಣ."

ಆಗ ದೊನ್ ಹಸಿಂತೊ ನನ್ನ ತೋಳು ಜಗ್ಗಿದ. "ಏನಮ್ಮಾ, ಏನಂತಿದಾನೆ ಆ ಮನುಷ್ಯ? ಯಾಕೆ ಬೈತಿದಾರೆ?"

ನಾನು ಅವನ ಕಿವಿಗೆ ಬಾಯಿಟ್ಟು ಕೂಗಿದೆ. "ಅಪ್ಪ ಡಾಂಬರಿನ ಮೇಲೆ ಆಡಿದ್ದನ್ನ ನಿಮಗೆ ಹೇಳಿದ್ದು ಅವನಲ್ವಂತೆ!"

ಕಿವಿ ಕೇಳದವರು ಮೆಲ್ಲಗೆ ಮಾತಾಡುವುದಿಲ್ಲ. ದೊನ್ ಹಸಿಂತೊನ ಮಾತು ಬೀದಿಯ ಎರಡೂ ತುದಿಗೆ ಕೇಳಿಸಿತು.

"ಅಲ್ವೇ ಅಲ್ಲ! ಇವನನ್ನ ನಾನು ನೋಡೇ ಇಲ್ಲ. ಅದು ಆ ಇನ್ನೊಬ್ಬ ಅಲ್ವೇ? ನಮ್ಮ ಜತೆ ಸ್ಪೇನ್‌ಗೆ ಬಂದನಲ್ಲ, ಚೆಂಡಿನ ಮೂಟೆ ಹೊತ್ಕೊಂಡು. ಇಗೋ, ಇಲ್ಲೇ ನಿಂತಿದಾನಲ್ಲ! ಲಿಸಾರ್ದೊ! ಏನಯ್ಯಾ, ಚೆನ್ನಾಗಿದೀಯಾ? ಒಳ್ಳೇ ಹುಡುಗ. ಶಿಬಿರದ ಗೇಟಿಗೆ ಬಂದ, ಒಬ್ಬ ಕೆಲಸದವ ಬೇಕಂತಲ್ಲ, ನಾನು ನಂಬಿಕಸ್ಥ, ಬೇಕಾದ್ರೆ ನೋಡಿ ಒಂದು ವಿಷಯ ಹೇಳ್ತೀನಿ, ನನ್ನ ಸ್ವಂತ ಕೊಂಪಾದ್ರೆ ವಿಷಯನೇ ಹೇಳ್ತೀನಿ ಅಂದ. ನಾನು ಆವತ್ತೇ ಅಂದೆ, ಇಂಥವನು ಬೇಕು ನಮಗೆ ಅಂತ." ಅವನು ಅಪ್ಪನ ಕಡೆ ತಿರುಗಿ ಅವನ ತೊಡೆ ತಟ್ಟಿದ. "ನಿನಗೂ ಆಮೇಲೆ ಹೇಳಿರಬೇಕಲ್ಲ ಅವನು? ಹೇಳ್ತೀನಿ ಅಂದಿದ್ದ."

ಮುದುಕ ಉಳಿದ ಅಂತಿಕುಚೊವನ್ನು ಕಡ್ಡಿಯಿಂದ ಎಳೆದುಕೊಂಡು ತಿಂದ.

ಬೀದಿಯಲ್ಲಿ ಒಂದು ಮಗು ಮಾತ್ರ ಅಳುತ್ತಿತ್ತು. ಅಪ್ಪ ಲಿಸಾರ್ದೊನನ್ನು ನೋಡುತ್ತಿದ್ದ. ಲಿಸಾರ್ದೊ ನನ್ನನ್ನು ನೋಡಿದ, ಯಾಕೋ ಗೊತ್ತಿಲ್ಲ. ನಾನು ಅವನ ಪರವಾಗಿ ಏನಾದರೂ ಹೇಳುತ್ತೇನೆ ಅಂದುಕೊಂಡನೇನೋ. ನನ್ನ ತಲೆಯಲ್ಲಿ ಅವನು ಬಂದು ಹೇಳಿದ್ದ ತಕ್ನಾ ಓಡುತ್ತಿತ್ತು. ಬುದ್ಧಿ ಸ್ಥಿಮಿತದಲ್ಲಿಲ್ಲದ ಸೆನೊನ್ ಓಡುತ್ತಿದ್ದ.

"ಮುದುಕನಿಗೆ ಅರಳುಮರಳು" ಎಂದ ಲಿಸಾರ್ದೊ.

ಅಪ್ಪ ಕುರ್ಚಿಯ ಅಂಚಿಗೆ ಸರಿದ.

"ಕೊಂಪಾದ್ರೆ, ಕೇಳು. ನಿನ್ನ ಕಾಲು ಉಳೀಲಿ ಅಂತ ಹೇಳಿದೆ. ಆ ಕಾಲಲ್ಲಿ ಸ್ಪೇನ್‌ಗೆ ಹೋಗಿದ್ರೆ ಏನು ಗತಿ? ಒಂದು ಸಲ ಬಿಟ್ರೂ ಮುಂದಿನ ಸಲ ಹೋಗ್ತೀಯ ಅಂತ..."

"ನನ್ನ ಕಾಲು ಉಳೀತಾ?"

"ನೀನು ಸೂಜಿ ಚುಚ್ಚಿಸ್ಕೊಂಡು ಆಡ್ತೀಯ ಅಂತ ನನಗೇನು ಗೊತ್ತು!"

"ಪ್ರತಿ ವರ್ಷ ನನ್ನ ಮನೇಲಿ ಕೂತು ಇವನಿಗೆ ಬೈದೆ" ಎಂದ ಅಪ್ಪ. ಸೆನೊನ್‌ನ ಕಡೆ ಕೈ ತೋರಿಸಿದ. "ನನಗಿಂತ ಜೋರಾಗಿ ಬೈದೆ. ಮೊದಲ ಕಲ್ಲು ನೀನೇ ಎಸೆದೆ."

"ಎಸೆದೆ ಕಣೋ. ಎಸೀದೆ ಏನು ಮಾಡ್ಲಿ? ನಾನೂ ಒಂದು ಸಲ ಹೋಗಬೇಕು ಅನ್ಸಿತ್ತು. ನೀನು ಹೋಗ್ತಾನೇ ಇದ್ದೆ. ಕೀಟೊ, ಅಸುನ್ಸಿಯೊನ್. ನಿನಗೆ ಚೆಂಡು ಕೊಟ್ಟೋನು ನಾನು, ನಾನು ಈ ಬೀದಿ ದಾಟಿರಲಿಲ್ಲ." ಅವನು ನನ್ನ ಕಡೆ ತಿರುಗಿದ. "ಎಷ್ಟು ಮಾಡಿದೀನಿ ನಿಮಗೆ! ನೆಲಿದಾ, ಹೇಳಮ್ಮ ನಿಮ್ಮಪ್ಪನಿಗೆ, ಏನು ಕಡಿಮೆ ಮಾಡಿದೀನಿ?"

ಕಡಿಮೆ ಏನೂ ಮಾಡಿರಲಿಲ್ಲ. ಹೌದು. ನಾನು ದೊನ್ ಹಸಿಂತೊನ ಕೈಯಿಂದ ಖಾಲಿ ಕಡ್ಡಿ ತೆಗೆದುಕೊಂಡೆ.

ಆ ಹೊತ್ತಿಗೆ ಹೈರೊ ಬಂದ. ಓಣಿಯ ಹುಡುಗ, ಎರಡು ವರ್ಷದಿಂದ ದೊಡ್ಡ ಕ್ಲಬ್ಬಿಗೆ ಆಡುತ್ತಿದ್ದ. ಟೋಪಿ ಹುಬ್ಬಿನ ತನಕ ಎಳೆದುಕೊಂಡಿದ್ದ. ಹಿಂದಿನ ಬೀದಿಯಿಂದ ಓಡಿ ಬಂದಿದ್ದನಾದ್ದರಿಂದ ಅವನಿಗೆ ಏನಾಯಿತೆಂದು ಗೊತ್ತಿರಲಿಲ್ಲ. ಪದ್ಧತಿಯ ಪ್ರಕಾರ ಅಪ್ಪನ ಎದುರು ಬಂದು ತಲೆ ಬಾಗಿಸಿ, "ದೊನ್ ರೊಮುಲೊ, ನಾನು ಇವತ್ತು ಯಾರು?" ಎಂದು ಕೇಳಿದ.

ಅಪ್ಪ ಕುರ್ಚಿಯ ತೋಳು ಹಿಡಿದು ಎದ್ದ. ಮೊಣಕಾಲಿನ ಸದ್ದು ಕೇಳಿಸಿತು. ಸೆನೊನ್‌ನ ಕೈಯಿಂದ ಮೈಕು ತೆಗೆದುಕೊಂಡ. ಹುಡುಗನ ಟೋಪಿಯ ಮೇಲೆ ಕೈಯಿಟ್ಟ.

"ಮಾಲ್ವಾಸ್ ಓಣಿಯವರೇ. ಒಂಬತ್ತನೇ ನಂಬರಿನಲ್ಲಿ ಇವತ್ತು ಆಡೋದು ನಮ್ಮ ಓಣಿಯಲ್ಲಿ ತೀರಿಹೋದ ಲಿಸಾರ್ದೊ ಅಯ್ಯೊನ್."

ಮೇಲಿನ ಕಿಟಕಿಯ ಹೆಂಗಸು ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಹೈರೊ ತಲೆ ಎತ್ತಿ ಲಿಸಾರ್ದೊನನ್ನು ನೋಡಿದ, ಅಪ್ಪನನ್ನು ನೋಡಿದ.

"ರೊಮುಲೊ, ನಾನು ಇಲ್ಲೇ ನಿಂತಿದೀನಲ್ಲೋ" ಎಂದ ಲಿಸಾರ್ದೊ.

ಅಪ್ಪ ಮೈಕನ್ನು ಕಮಿಟಿ ಹುಡುಗನ ಕೈಗಿತ್ತ. ಕೊಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ. ಹುಡುಗ ಓಣಿಯ ತಂಡವನ್ನು ಓದಿದ. ಒಂಬತ್ತನೆಯ ಹೆಸರು ಬಂದಾಗ ನಿಲ್ಲದೆ ಓದಿದ.

ಆಟ ಶುರುವಾಯಿತು. ಮೊದಮೊದಲು ಯಾರೂ ಕೂಗಲಿಲ್ಲ. ಹತ್ತು ನಿಮಿಷವಾದ ಮೇಲೆ ಹೈರೊ ಇಬ್ಬರನ್ನು ದಾಟಿಕೊಂಡು ಓಡಿದಾಗ ಹೈರೊನ ತಾಯಿಯೇ ಮೊದಲು ಬಾಯಿಬಿಟ್ಟಳು. "ಹೊಡಿಯೋ ಲಿಸಾರ್ದೊ!" ಎಂದಳು. ಆಮೇಲೆ ಎಲ್ಲರೂ. ಲಿಸಾರ್ದೊ, ಕೊಡೋ. ಲಿಸಾರ್ದೊ, ಕಣ್ಣು ಎಲ್ಲಿಟ್ಟಿದೀಯಾ ಕತ್ತೆ. ಗೋಲಾದಾಗ ಇಡೀ ಬೀದಿ ಅದೇ ಹೆಸರನ್ನು ಹಾಡಿತು. ಹೆಸರಿನ ಒಡೆಯ ಸುಣ್ಣದ ಗೆರೆಯ ಹೊರಗೆ ನಿಂತಿದ್ದ. ಜನ ಅವನನ್ನು ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು. ಕ್ಷಮಿಸಿ ಎಂದೂ ಹೇಳುತ್ತಿರಲಿಲ್ಲ. ಲೋಟ ಅವನ ಹತ್ತಿರಕ್ಕೇ ಬರಲಿಲ್ಲ. ಅರ್ಧ ಆಟ ಮುಗಿಯುವ ಮೊದಲು ಅವನು ಹೋದ. ಆ ತಿಂಗಳೊಳಗೆ ಮನೆಗೆ ಬೀಗ ಹಾಕಿ ಮಗನ ಊರಿಗೆ ಹೋದ ಎಂದು ಕೇಳಿದೆ.

ಅಪ್ಪ ತನ್ನ ಚಿತ್ರದ ಕೆಳಗೆ ಕೂತಿದ್ದ. ಸೆನೊನ್ ಪಕ್ಕದಲ್ಲಿ ನಿಂತಿದ್ದ. ಯಾರೋ ಅವನ ಕೈಗೆ ಲೋಟ ಕೊಟ್ಟರು. ಅವನು ತೆಗೆದುಕೊಳ್ಳಲಿಲ್ಲ.

"ಕುಡಿ" ಎಂದ ಅಪ್ಪ.

"ನನಗೆ ಬೇಡ. ನಾನು ಹೇಳೋದು ಹೇಳಿ ಆಯ್ತು. ಬಸ್ಸು ಸಿಗಲ್ಲ ಆಮೇಲೆ."

"ಸೆನೊನ್..."

"ಏನೂ ಹೇಳಬೇಡ ರೊಮುಲೊ" ಎಂದ ಸೆನೊನ್. "ನೀನು ಒಳ್ಳೇ ಆಟಗಾರ. ಅಷ್ಟೇ." ಹಾಗೆಂದು ಟೈರುಗಳನ್ನು ದಾಟಿ ಹೊರಟುಹೋದ. ಅಪ್ಪ ಕರೆಯಲಿಲ್ಲ. ಕರೆದಿದ್ದರೂ ಬರುತ್ತಿರಲಿಲ್ಲ.

ಜೂನಿನಲ್ಲಿ ಪೆರು ರಷ್ಯಾದಲ್ಲಿ ಆಡಿತು. ಅಪ್ಪ ನೋಡಲಿಲ್ಲ. ಕಿತ್ತಳೆ ಗೊಂಬೆ ನನ್ನ ಕಪಾಟಿನಲ್ಲಿ ಇನ್ನೂ ಇದೆ. ಎಸೆದಿಲ್ಲ, ಗೊಂಬೆ ಏನೂ ಮಾಡಿಲ್ಲ.

ಅಪ್ಪನಿಗೆ ಹೋದದ್ದು ಒಂದು ಮೊಣಕಾಲು, ಒಂದು ವಿಶ್ವಕಪ್ಪು, ಒಬ್ಬ ಕೊಂಪಾದ್ರೆ. ಸೆನೊನ್‌ಗೆ ಹೋದದ್ದು ಒಂದು ಮನೆ, ಒಂದು ಓಣಿ. ನನಗೆ ಹೋದದ್ದು ಒಬ್ಬ ಪಾದ್ರಿನೊ.